ಧ್ವನಿಕಡತಗಳ ಯಂತ್ರಪರೀಕ್ಷೆ: ಲಕ್ಷ್ಯ, ಲಕ್ಷಣ, ಗ್ರಂಥಪಾತ

೧

ಲಕ್ಷ್ಯವನ್ನು ಕಂಡು ಲಕ್ಷಣವನ್ನು ಹೇಳಬೇಕೆಂಬುದು ಶಾಸ್ತ್ರಕಾರರ ಹಳೆಯ ಮರ್ಯಾದೆ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣವನ್ನು ರಚಿಸುವಾಗ ಪೂರ್ವಕವಿಗಳ ಪ್ರಯೋಗಗಳನ್ನು ಲಕ್ಷ್ಯವಾಗಿಟ್ಟುಕೊಂಡೇ ಸೂತ್ರಗಳನ್ನು ಕಟ್ಟಿದನು. ವಿಜಯನಗರದ ರಾಮಾಮಾತ್ಯನು ೧೫೫೦ರಲ್ಲಿ ಸ್ವರಮೇಳಕಲಾನಿಧಿಯನ್ನು ಬರೆದಾಗ, ಸಂಗೀತದಲ್ಲಿ ಶಾಸ್ತ್ರದ ಮಾತಿಗೂ ಹಾಡುವವರ ರೂಢಿಗೂ ವಿರೋಧ ತೋರಿದರೆ ರೂಢಿಗೇ ಪ್ರಾಧಾನ್ಯವೆಂದು ನಿರ್ಣಯಿಸಿದನು. ಲಕ್ಷಣವು ಲಕ್ಷ್ಯಕ್ಕೆ ದಾರಿತೋರುವ ಸಾಧನವೇ ಹೊರತು ಅದರ ಸ್ಥಾನದಲ್ಲಿ ತಾನೇ ಕುಳಿತುಕೊಳ್ಳತಕ್ಕದ್ದಲ್ಲ ಎಂಬುದು ಈ ಇಬ್ಬರಿಂದಲೂ ದೊರೆಯುವ ತಾತ್ಪರ್ಯ. ಈ ಹಳೆಯ ವಿವೇಕವು ತೀರ ಹೊಸದಾದ ಒಂದು ಕ್ಷೇತ್ರದಲ್ಲಿ ಮತ್ತೆ ಅವಶ್ಯಕವಾಗಿ ತೋರುತ್ತಿದೆ.

ಕಂಪ್ಯೂಟರ್ ಆಟಗಳಿಗೆ ಬೇಕಾದ ಚಿತ್ರ, ಚಲನೆ, ಧ್ವನಿ ಮೊದಲಾದ ಸಾಮಗ್ರಿಯನ್ನು ಒಂದೆಡೆ ಕೂಡಿಸಿ ನಡೆಸುವ ಸಾಫ್ಟ್‌ವೇರಿಗೆ ಗೇಮ್ ಎಂಜಿನ್ ಎಂದು ಹೆಸರು. ಆಟವೊಂದರಲ್ಲಿ ಕೇಳಿಬರುವ ಹೆಜ್ಜೆಯ ಸಪ್ಪಳ, ಬಾಗಿಲ ಕಿರುಗುಟ್ಟುವಿಕೆ, ಮಳೆ, ವಾದ್ಯ, ಪಾತ್ರಗಳ ಮಾತು ಇವೆಲ್ಲ ಬಹುಮಟ್ಟಿಗೆ ಬೇರೆಬೇರೆ ಕಡತಗಳಾಗಿರುತ್ತವೆ. ದೊಡ್ಡ ಆಟದಲ್ಲಿ ಇಂಥವು ಸಾವಿರಗಟ್ಟಲೆ. ಪ್ರತಿಯೊಂದು ಕಡತಕ್ಕೂ ಅದು ಎಷ್ಟು ಉದ್ದ, ಯಾವ ಜಾತಿ, ಯಾವ ರೀತಿಯಲ್ಲಿ ಕುಗ್ಗಿಸಲ್ಪಟ್ಟಿದೆ ಎಂದು ಮುಂತಾಗಿ ತಿಳಿಸುವ ವಿವರವೊಂದು ಅಂಟಿಕೊಂಡಿರುತ್ತದೆ. ಇದನ್ನೇ ಮೆಟಾಡೇಟಾ ಎನ್ನುವರು. ಸಾವಿರಾರು ಧ್ವನಿಗಳನ್ನು ಒಬ್ಬನು ಕುಳಿತು ಕೇಳಿ ತಿದ್ದುವುದು ಆಗದ ಮಾತಾದುದರಿಂದ, ಧ್ವನಿಯನ್ನು ಬಿಟ್ಟು ಈ ವಿವರವನ್ನು ಓದಿ ದೋಷಗಳನ್ನು ಪಟ್ಟಿಮಾಡುವ ಕಾರ್ಯಕ್ರಮಗಳನ್ನು ಬರೆದು ಅವುಗಳಿಂದ ಪರೀಕ್ಷೆ ನಡೆಸುವ ಪದ್ಧತಿ ಬೆಳೆದಿದೆ. ಹೀಗೆ ನೋಡಿದರೆ ಯಂತ್ರವೂ ಒಬ್ಬ ಓದುಗನೇ. ಆ ಓದುಗನು ಏನನ್ನು ಓದುತ್ತಾನೆ, ಏನನ್ನು ಓದಲಾರನು, ಅವನ ತೀರ್ಪಿಗೆ ಎಷ್ಟು ಬೆಲೆ ಎಂಬುದೇ ಪ್ರಕೃತ ವಿಮರ್ಶೆಯ ವಿಷಯ. ನಿದರ್ಶನಕ್ಕೆ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಹುಟ್ಟಿ ೨೦೦೫ರಲ್ಲಿ ಬೆಳಕಿಗೆ ಬಂದ ಯೂನಿಟಿ ಎಂಬ ಎಂಜಿನ್ನನ್ನು ತೆಗೆದುಕೊಳ್ಳಬಹುದು.

೨

ಧ್ವನಿಕಡತದ ವಿವರವೆಲ್ಲ ಒಂದೇ ಬಗೆಯದೆಂದು ಭಾವಿಸುವುದರಿಂದಲೇ ಅನೇಕ ಭ್ರಾಂತಿಗಳು ಹುಟ್ಟುತ್ತವೆ. ವಿಚಾರ ಮಾಡಿ ನೋಡಿದರೆ ಅದರಲ್ಲಿ ಮೂರು ಬಗೆಗಳು ಕಂಡುಬರುತ್ತವೆ. ಅವನ್ನು ಸಹಜ, ವಿಹಿತ, ಲಿಖಿತ ಎಂದು ಕರೆಯಬಹುದು.

ಸಹಜ ಲಕ್ಷಣವೆಂದರೆ ಧ್ವನಿಯೊಡನೆಯೇ ಹುಟ್ಟಿದ್ದು. ಧ್ವನಿಯನ್ನು ಎಣಿಸಿದರೆ ತಾನಾಗಿ ದೊರೆಯತಕ್ಕದ್ದು. ಕಾಂಪ್ಯಾಕ್ಟ್ ಡಿಸ್ಕಿನ ಕ್ರಮದಲ್ಲಿ ಧ್ವನಿಯನ್ನು ಸೆಕೆಂಡಿಗೆ ೪೪,೧೦೦ ಸಲ ಅಳೆದು, ಒಂದೊಂದು ಅಳತೆಯನ್ನೂ ೧೬ ಬಿಟ್‌ಗಳಲ್ಲಿ, ಎಂದರೆ ೨ ಬೈಟ್‌ಗಳಲ್ಲಿ, ಬರೆದಿಡುತ್ತಾರೆ. ಎಡಬಲ ಎರಡು ಚಾನೆಲ್‌ಗಳಿದ್ದರೆ ಸೆಕೆಂಡಿಗೆ ೧,೭೬,೪೦೦ ಬೈಟ್‌ಗಳೂ ನಿಮಿಷಕ್ಕೆ ೧,೦೫,೮೪,೦೦೦ ಬೈಟ್‌ಗಳೂ ಆಗುತ್ತವೆ. ಉದ್ದ, ಚಾನೆಲ್‌ಗಳ ಸಂಖ್ಯೆ, ಸೆಕೆಂಡಿನ ಅಳತೆಗಳ ಸಂಖ್ಯೆ ಇವು ಗಣಿತದ ಮಾತುಗಳು. ಇಲ್ಲಿ ಲಕ್ಷಣವನ್ನು ಲಕ್ಷ್ಯದೊಡನೆ ಹೋಲಿಸಿ ಸತ್ಯಾಸತ್ಯವನ್ನು ನಿರ್ಣಯಿಸುವುದು ಸಾಧ್ಯ.

ವಿಹಿತ ಲಕ್ಷಣವೆಂದರೆ ಈ ಧ್ವನಿಯನ್ನು ಹೀಗೆ ನಡೆಸಿಕೊಳ್ಳಬೇಕೆಂದು ಎಂಜಿನ್ನಿಗೆ ಕೊಟ್ಟ ಆಜ್ಞೆ. ಯೂನಿಟಿಯಲ್ಲಿ ಪ್ರತಿಯೊಂದು ಕಡತದ ಪಕ್ಕದಲ್ಲಿಯೂ ಅದೇ ಹೆಸರಿಗೆ ಮೆಟಾ ಎಂಬ ಬಾಲವನ್ನು ಹಚ್ಚಿಕೊಂಡ ಇನ್ನೊಂದು ಪುಟ್ಟ ಕಡತವಿರುತ್ತದೆ. ಧ್ವನಿಯನ್ನು ಮೊದಲೇ ಪೂರ್ತಿಯಾಗಿ ಬಿಚ್ಚಿ ನೆನಪಿನಲ್ಲಿಡಬೇಕೋ, ಕುಗ್ಗಿಸಿದಂತೆಯೇ ಇಟ್ಟು ನುಡಿಸುವಾಗ ಬಿಚ್ಚಬೇಕೋ, ಅಥವಾ ಡಿಸ್ಕಿನಿಂದ ಸ್ವಲ್ಪ ಸ್ವಲ್ಪವಾಗಿ ಹರಿಸಬೇಕೋ. ಪಿಸಿಎಂ, ಎಡಿಪಿಸಿಎಂ, ವೋರ್ಬಿಸ್ ಎಂಬ ರೂಪಗಳಲ್ಲಿ ಯಾವುದನ್ನು ಬಳಸಬೇಕು. ಎರಡು ಚಾನೆಲ್‌ಗಳನ್ನು ಕೂಡಿಸಿ ಒಂದು ಮಾಡಬೇಕೋ ಬೇಡವೋ ಎಂಬುವೆಲ್ಲ ಅಲ್ಲಿ ಬರೆದಿರುತ್ತವೆ. ಇವು ಸತ್ಯವೂ ಅಲ್ಲ, ಅಸತ್ಯವೂ ಅಲ್ಲ. ಉಚಿತ ಅಥವಾ ಅನುಚಿತ, ಅಷ್ಟೆ.

ಮೂರನೆಯದು ಲಿಖಿತ ಲಕ್ಷಣ. ಎಂದರೆ ಮನುಷ್ಯನು ತಿಳಿದು ಬರೆದದ್ದು. ಕಡತದ ಹೆಸರು, ಧ್ವನಿ ಯಾರದು, ಎಲ್ಲಿ ಎಂದು ಮುದ್ರಿತವಾಯಿತು, ಹಕ್ಕು ಯಾರದು ಎಂಬ ಸಂಗತಿಗಳು ಈ ವರ್ಗಕ್ಕೆ ಸೇರುತ್ತವೆ. ಮೈಕ್ರೋಸಾಫ್ಟ್ ಮತ್ತು ಐಬಿಎಂ ಸಂಸ್ಥೆಗಳು ೧೯೯೧ರಲ್ಲಿ ಏರ್ಪಡಿಸಿದ ವೇವ್ ಕಡತದ ರಚನೆಯಲ್ಲಿ ಧ್ವನಿಯ ಖಂಡದ ಜೊತೆಗೆ ಇಂಥ ಬರಹಕ್ಕೂ ಖಂಡಗಳನ್ನು ಸೇರಿಸಲು ಅವಕಾಶವಿತ್ತು. ಯುರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟವು ೧೯೯೭ರಲ್ಲಿ ಅದಕ್ಕೆ ಮತ್ತೊಂದು ಖಂಡವನ್ನು ಕೂಡಿಸಿ, ವರ್ಣನೆಗೆ ೨೫೬ ಅಕ್ಷರ, ಕರ್ತೃವಿನ ಹೆಸರಿಗೆ ೩೨ ಅಕ್ಷರ, ತೇದಿಗೆ ೧೦, ವೇಳೆಗೆ ೮ ಎಂದು ಸ್ಥಾನಗಳನ್ನು ಗೊತ್ತುಮಾಡಿತು. ಓಲೆಯ ಪ್ರತಿಯ ಕೊನೆಯಲ್ಲಿ ಲಿಪಿಕಾರನು ತನ್ನ ಹೆಸರನ್ನೂ ಬರೆದು ಮುಗಿಸಿದ ತಿಥಿವಾರಗಳನ್ನೂ ಹೇಳುವ ವಾಕ್ಯಕ್ಕೆ ಇದು ಸಮಾನವಾದದ್ದು.

೩

ಯಂತ್ರಪರೀಕ್ಷೆಯ ಗುಣವನ್ನು ಮೊದಲು ಒಪ್ಪಿಕೊಳ್ಳುವುದು ನ್ಯಾಯ. ಯೂನಿಟಿಯು ಈ ಕಾರ್ಯಕ್ಕೆ ಒಳ್ಳೆಯ ಅನುಕೂಲಗಳನ್ನು ಒದಗಿಸಿದೆ. ಯೋಜನೆಯಲ್ಲಿರುವ ಧ್ವನಿಕಡತಗಳನ್ನೆಲ್ಲ ಹುಡುಕಿ ಸಾಲಾಗಿ ತರಿಸುವುದಕ್ಕೂ, ಒಂದೊಂದರ ವಿಹಿತ ಲಕ್ಷಣವನ್ನು ಓದಿ ಬದಲಾಯಿಸುವುದಕ್ಕೂ ಅದರಲ್ಲಿ ಮಾರ್ಗವುಂಟು. ಕಡತವೊಂದು ಒಳಕ್ಕೆ ಬರುವ ಮೊದಲು ಒಮ್ಮೆ, ಬಂದ ಮೇಲೆ ಒಮ್ಮೆ, ಹೀಗೆ ಎರಡು ಸಂದರ್ಭಗಳಲ್ಲಿ ಪರೀಕ್ಷಕನ ಕಾರ್ಯಕ್ರಮವನ್ನು ಎಂಜಿನ್ ತಾನಾಗಿಯೇ ಕರೆಯುತ್ತದೆ. ಮೊದಲ ಕರೆಯಲ್ಲಿ ಆಜ್ಞೆಯನ್ನು ತಿದ್ದಬಹುದು. ಎರಡನೆಯದರಲ್ಲಿ ಫಲವನ್ನು ನೋಡಬಹುದು.

ಇದರಿಂದಾಗುವ ಲಾಭವನ್ನು ಒಂದು ಲೆಕ್ಕದಿಂದ ಸ್ಪಷ್ಟಪಡಿಸಬಹುದು. ಅರ್ಧ ಸೆಕೆಂಡಿನ, ಒಂದೇ ಚಾನೆಲಿನ ಹೆಜ್ಜೆಯ ಸಪ್ಪಳವನ್ನು ಕುಗ್ಗಿಸದೆ ಇಟ್ಟರೂ ೪೪,೧೦೦ ಬೈಟ್‌ಗಳು ಸಾಕು. ಅದನ್ನು ಹರಿಸಿ ನುಡಿಸಬೇಕೆಂದು ಯಾರೋ ಮರೆತು ಆಜ್ಞೆ ಮಾಡಿದರೆ, ಹರಿಸುವ ಏರ್ಪಾಡಿಗೇ ಸುಮಾರು ೨೦೦ ಕಿಲೋಬೈಟ್ ಸ್ಥಳ ಹಿಡಿಯುತ್ತದೆಂದು ಯೂನಿಟಿಯ ಕೈಪಿಡಿ ಹೇಳುತ್ತದೆ. ಎಂದರೆ ಧ್ವನಿಯ ಮೈಗಿಂತ ಅದರ ಪಲ್ಲಕ್ಕಿ ನಾಲ್ಕು ಪಾಲಿಗೂ ಮಿಗಿಲಾಯಿತು. ಇದಕ್ಕೆ ವಿಪರೀತವಾಗಿ, ಮೂರು ನಿಮಿಷದ ಎರಡು ಚಾನೆಲಿನ ಸಂಗೀತವನ್ನು ಮೊದಲೇ ಪೂರ್ತಿ ಬಿಚ್ಚಿಡಬೇಕೆಂದು ವಿಧಿಸಿದರೆ ೩,೧೭,೫೨,೦೦೦ ಬೈಟ್‌ಗಳು ಸುಮ್ಮನೆ ಬಂಧಿತವಾಗುತ್ತವೆ. ಇಂಥ ತಪ್ಪು ಕಿವಿಗೆ ಕೇಳಿಸುವುದೇ ಇಲ್ಲ. ಎರಡು ರೀತಿಯಲ್ಲಿಯೂ ಧ್ವನಿ ಒಂದೇ ಆಗಿ ಕೇಳುತ್ತದೆ. ಕೇಳಿ ಹಿಡಿಯಲಾಗದ ದೋಷವನ್ನು ಓದಿ ಹಿಡಿಯುವುದರಲ್ಲಿ ಯಂತ್ರವು ಮನುಷ್ಯನಿಗಿಂತ ಮೇಲೆಂಬುದರಲ್ಲಿ ಸಂದೇಹವಿಲ್ಲ.

ಹಾಗೆಯೇ ಮೆಟಾ ಕಡತದೊಳಗೆ ಆಯಾ ಧ್ವನಿಗೆ ೩೨ ಅಂಕಾಕ್ಷರಗಳ ಗುರುತೊಂದು ಇರುತ್ತದೆ. ಆಟದ ಉಳಿದ ಭಾಗಗಳು ಧ್ವನಿಯನ್ನು ಕರೆಯುವುದು ಹೆಸರಿನಿಂದಲ್ಲ, ಈ ಗುರುತಿನಿಂದ. ಪುಟ್ಟ ಕಡತ ಕಳೆದುಹೋದರೆ ಎಂಜಿನ್ ಹೊಸ ಗುರುತನ್ನು ಕಟ್ಟಿ, ವಿಹಿತ ಲಕ್ಷಣಗಳನ್ನು ರೂಢಿಯ ಬೆಲೆಗಳಿಗೆ ಇಳಿಸಿಬಿಡುತ್ತದೆ. ಹಳೆಯ ಸಂಬಂಧಗಳು ಕಡಿದುಹೋಗುತ್ತವೆ. ಈ ಬಗೆಯ ನಷ್ಟವನ್ನೂ ಯಂತ್ರವು ಕ್ಷಣಮಾತ್ರದಲ್ಲಿ ತೋರಿಸಿಕೊಡಬಲ್ಲದು.

೪

ಯಂತ್ರದ ಗುಣ ಇಷ್ಟಾಯಿತು. ದೋಷ ಹುಟ್ಟುವುದು ಅದರ ಓದು ಮುಗಿದ ಸ್ಥಳವನ್ನು ಗುರುತಿಸದೆ ಮುಂದುವರಿದಾಗ.

ಮೊದಲ ನಿದರ್ಶನವು ಸಹಜ ಲಕ್ಷಣಕ್ಕೇ ಸಂಬಂಧಪಟ್ಟದ್ದು. ವಿವರವನ್ನು ಮಾತ್ರ ಓದಿದರೆ ಸಾಲದೆಂದು ಭಾವಿಸಿ, ಜಾಣನಾದ ಪರೀಕ್ಷಕನು ಧ್ವನಿಯ ಅಳತೆಗಳನ್ನೇ ತರಿಸಿ, ಕಡತದಲ್ಲಿ ನಿಜವಾಗಿ ಸದ್ದು ಇದೆಯೇ ಅಥವಾ ಬರಿಯ ಮೌನವೇ ಎಂದು ನೋಡಲು ಹೊರಡುತ್ತಾನೆನ್ನಿ. ಯೂನಿಟಿಯಲ್ಲಿ ಅಳತೆಗಳನ್ನು ತರಿಸುವ ಕರೆಯೂ ಉಂಟು. ಆದರೆ ಕುಗ್ಗಿಸಿದ ಧ್ವನಿಯನ್ನು ಮೊದಲೇ ಪೂರ್ತಿ ಬಿಚ್ಚಬೇಕೆಂದು ವಿಧಿಸಿದ್ದರೆ ಮಾತ್ರ ಅಳತೆಗಳು ದೊರೆಯುತ್ತವೆ, ಇಲ್ಲವಾದರೆ ಅಳತೆಗಳ ಸ್ಥಾನದಲ್ಲೆಲ್ಲ ಸೊನ್ನೆಗಳೇ ಬರುತ್ತವೆ ಎಂಬ ಎಚ್ಚರಿಕೆ ಅದರ ಕೈಪಿಡಿಯಲ್ಲಿದೆ. ಧ್ವನಿಯ ಗಣಿತದಲ್ಲಿ ಸೊನ್ನೆಗಳ ಸಾಲೆಂದರೆ ಮೌನ. ಆದಕಾರಣ ಆ ಎಚ್ಚರಿಕೆಯನ್ನು ಓದದೆ ಬರೆದ ಕಾರ್ಯಕ್ರಮವು ತುಂಬುಕಂಠದ ಹಾಡನ್ನು ಮುಂದಿಟ್ಟುಕೊಂಡು, ಇದರಲ್ಲಿ ಸದ್ದಿಲ್ಲ ಎಂದು ತೀರ್ಪು ಬರೆಯುತ್ತದೆ. ವಿಹಿತ ಲಕ್ಷಣವೊಂದು ಅಡ್ಡ ಬಂದು ಸಹಜ ಲಕ್ಷಣದ ಓದನ್ನೇ ಕೆಡಿಸಿತು. ಓದಲಾಗಲಿಲ್ಲ ಎಂಬುದಕ್ಕೂ ಓದಲು ಏನೂ ಇರಲಿಲ್ಲ ಎಂಬುದಕ್ಕೂ ಇರುವ ಅಂತರ ಇಲ್ಲಿ ಅಳಿಸಿಹೋಯಿತು.

ಗ್ರಂಥಸಂಪಾದನೆಯನ್ನು ಬಲ್ಲವರಿಗೆ ಈ ಅಂತರದ ಮಹತ್ವವನ್ನು ವಿವರಿಸಬೇಕಾದುದಿಲ್ಲ. ಓಲೆ ಮುರಿದು ಪದ್ಯದ ಎರಡು ಪಾದ ಹೋಗಿದ್ದರೆ ಸಂಪಾದಕನು ಆ ಸ್ಥಳದಲ್ಲಿ ಚುಕ್ಕೆಗಳನ್ನಿಟ್ಟು ಗ್ರಂಥಪಾತವೆಂದು ಬರೆಯುತ್ತಾನೆ. ಕವಿಯು ಇಲ್ಲಿ ಏನೂ ಹೇಳಲಿಲ್ಲವೆಂದು ಬರೆದು ಪದ್ಯವನ್ನು ಜೋಡಿಸಿಬಿಟ್ಟರೆ ಅವನನ್ನು ಯಾರೂ ಸಂಪಾದಕನೆನ್ನುವುದಿಲ್ಲ. ಯಂತ್ರದ ವರದಿಯಲ್ಲಿ ಗ್ರಂಥಪಾತಕ್ಕೆ ಸ್ಥಳವಿಲ್ಲದಿರುವುದೇ ಅದರ ಮುಖ್ಯ ಕೊರತೆ. ಸರಿ, ತಪ್ಪು ಎಂಬ ಎರಡೇ ಅಂಕಣಗಳಿರುವ ವರದಿಯು ತನಗೆ ತಿಳಿಯದುದನ್ನೂ ಈ ಎರಡರಲ್ಲೊಂದಕ್ಕೆ ತಳ್ಳಲೇಬೇಕಾಗುತ್ತದೆ.

ಎರಡನೆಯ ನಿದರ್ಶನ ವಿಹಿತ ಲಕ್ಷಣದ್ದು. ಎರಡು ಚಾನೆಲ್‌ಗಳನ್ನು ಕೂಡಿಸಿ ಒಂದು ಮಾಡುವಾಗ ಧ್ವನಿಯ ಮಟ್ಟವನ್ನು ಸಮಗೊಳಿಸಬೇಕೆಂಬ ಆಜ್ಞೆಯೊಂದು ಯೂನಿಟಿಯಲ್ಲಿ ಉಂಟು. ಕೂಡಿಸುವುದರಿಂದ ಧ್ವನಿ ಕುಂದದಿರಲೆಂಬ ಸದುದ್ದೇಶದಿಂದ ಹುಟ್ಟಿದ್ದು ಅದು. ಆದರೆ ಒಂದೇ ಪಾತ್ರದ ಪಿಸುಮಾತೂ ಕೂಗೂ ಬೇರೆಬೇರೆ ಕಡತಗಳಾಗಿದ್ದು ಎರಡಕ್ಕೂ ಈ ಆಜ್ಞೆ ತಗುಲಿದರೆ, ಎರಡರ ಶಿಖರವೂ ಒಂದೇ ಎತ್ತರಕ್ಕೆ ಏರುತ್ತದೆ. ಪ್ರತಿಯೊಂದನ್ನೂ ಬಿಡಿಯಾಗಿ ನೋಡುವ ಯಂತ್ರಕ್ಕೆ ಎರಡೂ ನಿರ್ದುಷ್ಟ. ಪಿಸುಮಾತು ಪಿಸುಮಾತಾಗುವುದು ಕೂಗಿನ ಪಕ್ಕದಲ್ಲಿಟ್ಟಾಗ. ಆ ಸಂಬಂಧವನ್ನು ಹೇಳುವ ಸಾಲು ವಿವರದಲ್ಲಿ ಎಲ್ಲಿಯೂ ಇಲ್ಲ. ಪದಗಳನ್ನು ಒಂದೊಂದಾಗಿ ನಿಘಂಟಿನೊಡನೆ ಹೋಲಿಸಿ ಪದ್ಯದ ಔಚಿತ್ಯವನ್ನು ತೀರ್ಮಾನಿಸಿದಂತಾಯಿತು.

ಮೂರನೆಯದು ಲಿಖಿತ ಲಕ್ಷಣದ್ದು. ಅನೇಕ ಕಾರ್ಯಕ್ರಮಗಳು ಕಡತದ ಹೆಸರಿನ ಮೊದಲ ಅಕ್ಷರಗಳನ್ನೋ ಅದು ಇರುವ ಫೋಲ್ಡರನ್ನೋ ನೋಡಿ, ಇದು ಸಂಗೀತ, ಇದು ಮಾತು, ಇದು ಸಪ್ಪಳ ಎಂದು ವಿಂಗಡಿಸಿ ಅದಕ್ಕೆ ತಕ್ಕ ನಿಯಮವನ್ನು ಅನ್ವಯಿಸುತ್ತವೆ. ಗುಡುಗಿನ ಸದ್ದಿಗೆ ಮಳೆಯೆಂದು ಹೆಸರಿಟ್ಟು ಸರಿಯಾದ ಫೋಲ್ಡರಿನಲ್ಲಿ ಇರಿಸಿದ್ದರೆ ಅದು ಎಲ್ಲ ಪರೀಕ್ಷೆಗಳಲ್ಲಿಯೂ ತೇರ್ಗಡೆಯಾಗುತ್ತದೆ. ನಿಜವಾದ ಮಳೆಯ ಹೆಸರಿನಲ್ಲಿ ಒಂದು ಅಡಿಗೆರೆ ತಪ್ಪಿದ್ದರೆ ತಿರಸ್ಕೃತವಾಗುತ್ತದೆ. ಹೆಸರಿನ ರೂಪವನ್ನು ಯಂತ್ರವು ಬಲ್ಲದು, ಹೆಸರಿನ ಸತ್ಯವನ್ನು ಅರಿಯದು.

ಇದಕ್ಕೆ ಸಮಾಧಾನವಾಗಿ, ಮಾತನ್ನು ಕೇಳಿ ಅಕ್ಷರಕ್ಕಿಳಿಸುವ ಸಾಧನಗಳು ಈಗ ಬಂದಿವೆಯಲ್ಲ ಎಂದು ಕೆಲವರು ಹೇಳಬಹುದು. ೨೦೨೨ರಲ್ಲಿ ಹೊರಬಂದ ವಿಸ್ಪರ್ ಅಂಥದೊಂದು. ಪಾತ್ರದ ಮಾತನ್ನು ಅಕ್ಷರಕ್ಕಿಳಿಸಿ, ಪರದೆಯ ಮೇಲೆ ತೋರತಕ್ಕ ವಾಕ್ಯದೊಡನೆ ಹೋಲಿಸಿದರೆ ಲಕ್ಷ್ಯವನ್ನೇ ಮುಟ್ಟಿದಂತಾಗುವುದಿಲ್ಲವೇ ಎಂಬ ಪ್ರಶ್ನೆ ಯುಕ್ತವಾದದ್ದೇ. ಕಿವಿಗೇಳದ ಆಟಗಾರನಿಗೆ ಪರದೆಯ ವಾಕ್ಯವೇ ಧ್ವನಿಯಾದುದರಿಂದ ಈ ಹೋಲಿಕೆಗೆ ವಿಶೇಷವಾದ ಬೆಲೆಯೂ ಇದೆ. ಆದರೆ ಕನ್ನಡದ ಉದಾಹರಣೆಯನ್ನೇ ತೆಗೆದುಕೊಂಡರೆ, ನಟನು ಬರ್ತೀನಿ ಎಂದು ನುಡಿದಿರುತ್ತಾನೆ. ಪರದೆಯಲ್ಲಿ ಬರುತ್ತೇನೆ ಎಂದಿರುತ್ತದೆ. ಅಕ್ಷರಗಳನ್ನು ಹೋಲಿಸುವ ಯಂತ್ರವು ಇದನ್ನು ದೋಷವೆನ್ನುತ್ತದೆ. ಆಡುಮಾತಿಗೂ ಬರಹಕ್ಕೂ ನಡುವೆ ಇರುವ ಈ ದೂರ ತಪ್ಪಲ್ಲವೆಂಬುದನ್ನು ಕನ್ನಡ ಬಲ್ಲ ಕಿವಿಯೇ ಹೇಳಬೇಕು. ಹೊಸ ಸಾಧನವು ಕೊಡುವುದು ಇನ್ನೊಂದು ಪಾಠಾಂತರ, ನಿರ್ಣಯವನ್ನಲ್ಲ.

೫

ಇಲ್ಲಿಯವರೆಗೆ ಹೇಳಿದ ದೋಷಗಳನ್ನು ತಿದ್ದಿಕೊಳ್ಳಬಹುದು. ತಿದ್ದಿಕೊಳ್ಳಲಾಗದ ನಷ್ಟವೊಂದುಂಟು, ಅದು ಹೆಸರಿನ ನಷ್ಟ.

ಯೂನಿಟಿಯೊಳಗೆ ಬಂದ ಧ್ವನಿಗೆ ಉದ್ದ, ಚಾನೆಲ್, ಅಳತೆಗಳ ಸಂಖ್ಯೆ ಮೊದಲಾದ ಗುಣಗಳಿಗೆ ಸ್ಥಾನವಿದೆ. ಅದನ್ನು ನುಡಿದವರ ಅಥವಾ ಮುದ್ರಿಸಿದವರ ಹೆಸರಿಗೆಂದು ಪ್ರತ್ಯೇಕವಾದ ಸ್ಥಾನವಿಲ್ಲ. ಮೂಲ ವೇವ್ ಕಡತದಲ್ಲಿ ಕರ್ತೃವಿನ ಹೆಸರು ೩೨ ಅಕ್ಷರಗಳಲ್ಲಿ ಬರೆಯಲ್ಪಟ್ಟಿದ್ದರೂ, ಆಟವು ಸಿದ್ಧವಾಗಿ ಹೊರಡುವಾಗ ಧ್ವನಿಯು ಹೊಸ ರೂಪಕ್ಕೆ ಇಳಿಯುತ್ತದೆ. ಹೆಸರು ಹಿಂದೆ ಉಳಿಯುತ್ತದೆ. ಮೂಲ ಕಡತವನ್ನು ಕಾಪಾಡಿದವರ ಬಳಿ ಅದು ಇರಬಹುದು; ಕಾಪಾಡದಿದ್ದರೆ ಇಲ್ಲ. ಕಾವ್ಯವನ್ನು ಅಕ್ಷರ ಬಿಡದೆ ಪ್ರತಿಮಾಡಿ, ಹಿಂದಿನ ಲಿಪಿಕಾರನ ಕಡೆಯ ವಾಕ್ಯವನ್ನು ಮಾತ್ರ ಬಿಟ್ಟುಬಿಡುವ ನಕಲುಗಾರನ ಕೆಲಸವೇ ಇದೂ. ಕಾವ್ಯ ಉಳಿಯಿತು, ಅದು ಯಾವ ಊರಿನ ಯಾರ ಕೈಯಿಂದ ಬಂದಿತೆಂಬುದು ಹೋಯಿತು. ಪರೀಕ್ಷಕಯಂತ್ರವು ಈ ನಷ್ಟವನ್ನು ಕಾಣುವುದಿಲ್ಲ. ಏಕೆಂದರೆ ಸ್ಥಾನವೇ ಇಲ್ಲದ ಕಡೆ ಖಾಲಿಯೆಂಬುದು ಕಾಣುವ ಬಗೆ ಹೇಗೆ?

ಧ್ವನಿಮುದ್ರಣದ ಚರಿತ್ರೆಯಲ್ಲಿಯೇ ಇದಕ್ಕೆ ಉತ್ತರದಂತಿರುವ ಒಂದು ಪ್ರಸಂಗವುಂಟು. ೧೯೦೨ರಲ್ಲಿ ಕಲ್ಕತ್ತೆಗೆ ಬಂದ ಫ್ರೆಡ್ ಗೈಸ್‌ಬರ್ಗ್ ಗ್ರಾಮಫೋನ್ ತಟ್ಟೆಗಳಿಗಾಗಿ ಗೌಹರ್ ಜಾನಳ ಹಾಡುಗಳನ್ನು ಮುದ್ರಿಸಿದನು. ತಟ್ಟೆಗಳು ತಯಾರಾಗುತ್ತಿದ್ದುದು ದೂರದ ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನ ಕೆಲಸಗಾರರಿಗೆ ಯಾವ ಹಾಡು ಯಾರದೆಂದು ತಿಳಿಯಲೆಂದು, ಹಾಡಿನ ಕೊನೆಯಲ್ಲಿ ಆಕೆಯು ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ಗಟ್ಟಿಯಾಗಿ ಹೇಳುತ್ತಿದ್ದಳು. ಲಕ್ಷಣವು ಲಕ್ಷ್ಯದೊಳಗೇ ಸೇರಿಕೊಂಡಿತು. ತಟ್ಟೆಯ ಚೀಟಿ ಹರಿದರೂ ಹೆಸರು ಹರಿಯಲಿಲ್ಲ. ಇಂದಿಗೂ ಆ ಮುದ್ರಿಕೆಗಳನ್ನು ಕೇಳುವವರಿಗೆ ಹಾಡಿನ ಹಿಂದೆಯೇ ಆ ಹೆಸರು ಕೇಳಿಬರುತ್ತದೆ. ವಿಚಿತ್ರವೇನೆಂದರೆ, ಅಂಥ ಮುದ್ರಿಕೆಯೊಂದನ್ನು ಇಂದಿನ ಎಂಜಿನ್ನಿಗೆ ಸೇರಿಸಿ ವಿವರವನ್ನು ಮಾತ್ರ ಓದುವ ಯಂತ್ರಕ್ಕೆ ಒಪ್ಪಿಸಿದರೆ, ಅದು ಕೊನೆಯ ಆ ಮಾತನ್ನು ಕೆಲವು ಸೆಕೆಂಡುಗಳ ಉದ್ದವೆಂದು ಎಣಿಸುತ್ತದೆಯೇ ಹೊರತು ಹೆಸರೆಂದು ಅರಿಯುವುದಿಲ್ಲ. ಕೊನೆಯಲ್ಲಿರುವ ಅನಾವಶ್ಯಕ ಭಾಗವನ್ನು ಕತ್ತರಿಸಬೇಕೆಂಬ ನಿಯಮವಿದ್ದು, ಕೇಳದೆ ಕತ್ತರಿಸುವವನ ಕೈಗೆ ಅದು ಸಿಕ್ಕಿದರೆ, ನೂರು ವರ್ಷ ಉಳಿದು ಬಂದ ಹೆಸರು ಒಂದು ಕ್ಷಣದಲ್ಲಿ ಹೋಗುವುದು ಅಸಂಭವವಲ್ಲ.

೬

ಹಾಗಾದರೆ ಯಂತ್ರಪರೀಕ್ಷೆಯನ್ನು ಬಿಡಬೇಕೆಂದು ಅರ್ಥವಲ್ಲ. ಮೇಲೆ ತೋರಿಸಿದ ಹೆಜ್ಜೆಯ ಸಪ್ಪಳದ ಲೆಕ್ಕವೇ ಅದಕ್ಕೆ ಸಾಕಾದ ಸಮರ್ಥನೆ. ಬೇಕಾದದ್ದು ಅಧಿಕಾರದ ಮೇರೆಯನ್ನು ಗೊತ್ತುಮಾಡುವುದು. ಸಹಜ ಲಕ್ಷಣದಲ್ಲಿ ಯಂತ್ರದ ಮಾತು, ಅಳತೆಗಳು ನಿಜವಾಗಿ ಕೈಗೆ ಬಂದಿವೆಯೆಂಬುದು ಖಚಿತವಾದ ಬಳಿಕ, ಪ್ರಮಾಣ. ವಿಹಿತ ಲಕ್ಷಣದಲ್ಲಿ ಅದು ನಿಯಮಭಂಗವನ್ನು ತೋರಿಸಬಹುದು. ನಿಯಮವೇ ಉಚಿತವೋ ಅಲ್ಲವೋ ಎಂಬುದನ್ನು ಧ್ವನಿಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ಕೇಳಿದವನು ಹೇಳಬೇಕು. ಲಿಖಿತ ಲಕ್ಷಣದಲ್ಲಿ ಹೆಸರು ಇದೆಯೋ ಇಲ್ಲವೋ ಎಂಬಷ್ಟನ್ನು ಮಾತ್ರ ಯಂತ್ರವು ಹೇಳಲಿ. ಅದು ನಿಜವೋ ಅಲ್ಲವೋ ಎಂಬುದು ಅದರ ಮಾತಲ್ಲ.

ಇದಕ್ಕೆ ಎರಡು ಸಣ್ಣ ಸುಧಾರಣೆಗಳು ಸಾಕು. ಮೊದಲನೆಯದು, ವರದಿಯಲ್ಲಿ ಸರಿ, ತಪ್ಪು ಎಂಬ ಅಂಕಣಗಳ ಪಕ್ಕದಲ್ಲಿ ಪರೀಕ್ಷಿತವಲ್ಲ ಎಂಬ ಮೂರನೆಯ ಅಂಕಣವನ್ನು ಇಡುವುದು. ಅಳತೆಗಳು ದೊರೆಯದ ಕಡತ, ಯಾರೂ ಕೇಳದ ಕಡತ, ಹೆಸರಿನ ಸತ್ಯವನ್ನು ಯಾರೂ ನೋಡದ ಕಡತ ಅಲ್ಲಿಗೆ ಸೇರಲಿ. ಆ ಅಂಕಣ ಉದ್ದವಾಗಿದ್ದರೆ ಅದು ನಾಚಿಕೆಯ ವಿಷಯವಲ್ಲ. ಮುಂದೆ ಕೇಳಬೇಕಾದವನಿಗೆ ದಾರಿಯನ್ನು ತೋರಿಸುವ ಪಟ್ಟಿ. ಎರಡನೆಯದು, ಲಿಖಿತ ಲಕ್ಷಣಕ್ಕೆ ಎಂಜಿನ್ನಿನೊಳಗೂ ಒಂದು ಮನೆ ಮಾಡಿಕೊಡುವುದು. ಯೂನಿಟಿಯ ಮೆಟಾ ಕಡತದಲ್ಲಿ ಬಳಕೆದಾರನು ತನಗೆ ಬೇಕಾದುದನ್ನು ಬರೆದುಕೊಳ್ಳಲೆಂದು ಒಂದು ಸಾಲು ಈಗಾಗಲೇ ಇದೆ. ಬರೆಯದಿದ್ದರೆ ಅದು ಖಾಲಿಯಾಗಿಯೇ ಉಳಿಯುತ್ತದೆ. ಕಡತವು ಒಳಕ್ಕೆ ಬರುವ ಕ್ಷಣದಲ್ಲಿ ಮೂಲದ ಕರ್ತೃ, ತೇದಿ, ವರ್ಣನೆಗಳನ್ನು ಓದಿ ಆ ಸಾಲಿಗೆ ನಕಲು ಮಾಡುವ ಕೆಲಸವನ್ನು ಯಂತ್ರಕ್ಕೇ ವಹಿಸಬಹುದು. ನಿರ್ಣಯಿಸಲಾರದವನಿಗೂ ನಕಲು ಮಾಡುವ ಶಕ್ತಿ ಇದ್ದೇ ಇರುತ್ತದೆ. ಪ್ರಾಚೀನ ಕಾವ್ಯಗಳನ್ನು ಉಳಿಸಿಕೊಟ್ಟವರಲ್ಲಿ ಅರ್ಥ ಬಾರದಿದ್ದರೂ ಅಕ್ಷರ ಬಿಡದ ಲಿಪಿಕಾರರೂ ಇದ್ದರೆಂಬುದನ್ನು ಮರೆಯತಕ್ಕದ್ದಲ್ಲ.

ಒಟ್ಟಿನಲ್ಲಿ, ದೋಷ ಕಾಣಲಿಲ್ಲವೆಂಬ ಯಂತ್ರದ ಮಾತನ್ನು ದೋಷವಿಲ್ಲವೆಂದು ತಿಳಿಯಕೂಡದು. ಎರಡರ ನಡುವೆ ಇರುವ ತೆರಪಿನಲ್ಲಿ ಹಾಡಿದವರ ಹೆಸರುಗಳಿವೆ, ಪಿಸುಮಾತುಗಳಿವೆ, ಸೊನ್ನೆಗಳೆಂದು ಎಣಿಸಲ್ಪಟ್ಟ ಹಾಡುಗಳಿವೆ. ಅಲ್ಲಿ ಚುಕ್ಕೆಗಳನ್ನಿಟ್ಟು ಗ್ರಂಥಪಾತವೆಂದು ಪ್ರಾಮಾಣಿಕವಾಗಿ ಬರೆದಿಟ್ಟರೆ, ಇನ್ನೊಂದು ಪ್ರತಿ ದೊರೆತಾಗ ತುಂಬುವವರು ಬರುತ್ತಾರೆ. ಬರೆಯದೆ ಮುಚ್ಚಿದರೆ, ಹುಡುಕಬೇಕೆಂಬುದೇ ಯಾರಿಗೂ ತಿಳಿಯದು.